ಬಾನು ಬಾಯಿ ಬಿಟ್ಟ ದಿನ

ಗುಬ್ಬಿಯ ಆ ಹೈಸ್ಕೂಲಿನ ಹೆಸರು ಬೇಡ. ಹೇಳಿದರೆ ಅಲ್ಲಿ ಓದಿದವರಿಗೆ ಬೇಜಾರು, ಹೇಳದಿದ್ದರೆ ಯಾರಿಗೂ ನಷ್ಟವಿಲ್ಲ. ಅಲ್ಲಿ ಹತ್ತನೇ ತರಗತಿ ಹೆಣ್ಣುಮಕ್ಕಳ ಸೆಕ್ಷನ್ನಿಗೆ ಇಂಗ್ಲಿಷ್ ಹೇಳುತ್ತಿದ್ದವಳು ಜಮಾಲುನ್ನೀಸಾ. ಕ್ಲಾಸ್ ಟೀಚರೂ ಅವಳೇ. ದಿನಾ ತುಮಕೂರಿನಿಂದ ಬಸ್ಸಿನಲ್ಲಿ ಬಂದಿಳಿದು, ಕೊಡೆ ಮಡಿಸಿ, ಮೊದಲನೇ ಬೆಲ್ಲಿಗೆ ಸರಿಯಾಗಿ ಒಳಗೆ ಕಾಲಿಡುವಳು. ನಲವತ್ತೆರಡು ಹುಡುಗಿಯರು ಎದ್ದು ನಿಂತು "ಗುಡ್ ಮಾರ್ನಿಂಗ್ ಮಿಸ್" ಎಂದು ರಾಗ ಎಳೆಯುವರು. ಆ ರಾಗವನ್ನು ಬಿಡಿಸಲು ಅವಳು ಹನ್ನೊಂದು ವರ್ಷ ಪ್ರಯತ್ನಪಟ್ಟು ಕೈಬಿಟ್ಟಿದ್ದಳು.

ಹನ್ನೊಂದು ವರ್ಷದ ಹಿಂದೆ ಸರ್ಕಾರ ಅವಳನ್ನು ನಾಲ್ಕು ತಿಂಗಳು ಬೆಂಗಳೂರಿಗೆ ಕಳಿಸಿ ಇಂಗ್ಲಿಷ್ ಹೇಳಿಕೊಡುವ ಹೊಸ ರೀತಿಯೊಂದನ್ನು ಕಲಿಸಿತ್ತು. ವ್ಯಾಕರಣ ಉರು ಹೊಡೆಸಬೇಡಿ, ಮಾತಾಡಿಸಿ. ನೀವು ಕಡಿಮೆ ಮಾತಾಡಿ, ಮಕ್ಕಳು ಹೆಚ್ಚು ಮಾತಾಡಲಿ. ಕಣ್ಣೆದುರಿಗೆ ಇರುವುದನ್ನೇ ಹೇಳಿಸಿ, ನಿಜವನ್ನೇ ಹೇಳಿಸಿ. ಕಾಣದ ಲಂಡನ್ ಸೇತುವೆ ಯಾಕೆ, ಎದುರಿಗಿರುವ ಕಿಟಕಿ ಸಾಕು. ಜೊತೆಗೆ ಬಂದಿದ್ದ ಮೇಷ್ಟರುಗಳು ವಾಪಸು ಬರುವ ಬಸ್ಸು ದಾಬಸ್‌ಪೇಟೆ ದಾಟುವಷ್ಟರಲ್ಲಿ ಅದನ್ನೆಲ್ಲ ಮರೆತಿದ್ದರು. ಜಮಾಲುನ್ನೀಸಾ ಮರೆಯಲಿಲ್ಲ. ಹೇಳಿದ ಕೆಲಸವನ್ನು ಹೇಳಿದ ಹಾಗೆ ಮಾಡುವ ಸ್ವಭಾವ ಅವಳದು. ಇಲಾಖೆಯಲ್ಲಿ ಅಂಥವರಿಗೆ ಹೆಸರೂ ಬರುವುದಿಲ್ಲ, ಬಡ್ತಿಯೂ ಬರುವುದಿಲ್ಲ.

ಹಾಜರಿ ಕರೆಯುವುದನ್ನೂ ಅವಳು ಪಾಠವನ್ನಾಗಿ ಮಾಡಿಕೊಂಡಿದ್ದಳು. ಹೆಸರು ಕೂಗುತ್ತ ಹೋಗುವ ಬದಲು "ಹೂ ಈಸ್ ಆಬ್ಸೆಂಟ್ ಟುಡೇ?" ಎಂದು ಕೇಳುವಳು. ಹುಡುಗಿಯರು ಅಕ್ಕಪಕ್ಕ ನೋಡಿ, ಯಾರು ಬಂದಿಲ್ಲವೋ ಅವರ ಹೆಸರನ್ನು ವಾಕ್ಯದಲ್ಲಿಟ್ಟು ಒಪ್ಪಿಸುವರು. ಅವಳೆಲ್ಲಿದ್ದಾಳೆ? ಮನೆಯಲ್ಲಿದ್ದಾಳೆ. ಏನು ಮಾಡುತ್ತಿದ್ದಾಳೆ? ಬಟ್ಟೆ ಒಗೆಯುತ್ತಿದ್ದಾಳೆ. ಎಲ್ಲ ಇಂಗ್ಲಿಷಿನಲ್ಲಿ, ಎಲ್ಲರೂ ಒಟ್ಟಿಗೆ. ಒಬ್ಬೊಬ್ಬರನ್ನೇ ಎಬ್ಬಿಸಿದರೆ ಮಾತ್ರ ಕತೆ ಬೇರೆ. ಗುಂಪಿನಲ್ಲಿ ಕೋಗಿಲೆಯಾಗಿದ್ದವಳು ಎದ್ದು ನಿಂತು ಉಗುಳು ನುಂಗುವಳು. ತಾನೇ ಕಟ್ಟಿದ ಒಂದು ವಾಕ್ಯವನ್ನು ಯಾವ ಹುಡುಗಿಯಾದರೂ ಎದ್ದು ನಿಂತು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಜಮಾಲುನ್ನೀಸಾ ಈ ಹನ್ನೊಂದು ವರ್ಷದಲ್ಲಿ ಕೇಳಿರಲಿಲ್ಲ.

ಹಾಗೆಂದು ಅವಳಿಗೆ ದುಃಖವೇನೂ ಇರಲಿಲ್ಲ. ದುಃಖಪಡುವ ಶಕ್ತಿ ಅವಳಲ್ಲಿ ನಾಲ್ಕು ವರ್ಷದ ಹಿಂದೆಯೇ ನಿಂತುಹೋಗಿತ್ತು. ಗಡಿಯಾರ ರಿಪೇರಿ ಮಾಡುತ್ತಿದ್ದ ಅವಳ ಗಂಡ ಖಲೀಲುಲ್ಲಾ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಕೂತ ಕಡೆಯೇ ಹೋಗಿಬಿಟ್ಟ. ಮಕ್ಕಳಿರಲಿಲ್ಲ. ವಿಧವೆಯರು ಪಾಲಿಸುವ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೆ ಕೂತು ಮುಗಿಸಿ ಸ್ಕೂಲಿಗೆ ಬಂದವಳು ಪೆನ್ನು ಎತ್ತಿ ಹಿಡಿದು "ವಾಟ್ ಈಸ್ ದಿಸ್?" ಎಂದಳು. "ದಿಸ್ ಈಸ್ ಎ ಪೆನ್" ಎಂದಿತು ಕ್ಲಾಸು. ಕೇಳುವುದೇನು, ಬರುವ ಉತ್ತರವೇನು, ಮೊದಲೇ ಗೊತ್ತು. ಅವಳಿಗೆ ಅದು ಹಿತವಾಯಿತು. ಕುಣಿಗಲ್ಲಿನ ತವರಿನಲ್ಲಿ ಉರ್ದು, ಸ್ಟಾಫ್ ರೂಮಿನಲ್ಲಿ ಕನ್ನಡ, ಕ್ಲಾಸಿನಲ್ಲಿ ಇಂಗ್ಲಿಷು. ಮೂರು ಭಾಷೆ ಇದ್ದೂ ಯಾವುದರಲ್ಲೂ ಅವಳಿಗೆ ಹೇಳಿಕೊಳ್ಳುವಂಥದ್ದು ಏನೂ ಉಳಿದಿರಲಿಲ್ಲ.

ಎಂಬತ್ತನೇ ಇಸವಿಯ ದಸರಾ ರಜೆ ಮುಗಿದ ಮೇಲೆ ಸಿದ್ದಲಕ್ಷ್ಮಿ ಎಂಬ ಹುಡುಗಿ ಸ್ಕೂಲಿಗೆ ಬರುವುದು ನಿಂತಿತು. ಅವಳ ತಾಯಿ ಗಂಡುಮಗು ಹೆತ್ತು ಒಂಬತ್ತನೇ ದಿನಕ್ಕೆ ತೀರಿಕೊಂಡಿದ್ದಳು. ಅಪ್ಪ ಚೌಡಪ್ಪ ಅಂತರಸನಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದ. ಬೆಳಿಗ್ಗೆ ಹೋದರೆ ಕತ್ತಲಿಗೆ ಬರುವುದು. ಮಗುವನ್ನು ನೋಡಿಕೊಳ್ಳುವವರಿಲ್ಲ. ಕುಣಿಗಲ್ ಕಡೆಯ ಹಳ್ಳಿಯಲ್ಲಿ ದೊಡ್ಡ ಮಗನ ಮನೆಯಲ್ಲಿದ್ದ ಅಜ್ಜಿ ಶಿವರಾತ್ರಿ ಕಳೆದ ಮೇಲೆ ಬರುತ್ತೇನೆಂದಿದ್ದಳು. ಅಲ್ಲಿಯವರೆಗೆ, ಅಪ್ಪನಿಗೆ ವಾರದ ರಜೆ ಇರುವ ಗುರುವಾರ ಮಾತ್ರ ಸಿದ್ದಲಕ್ಷ್ಮಿ ಸ್ಕೂಲಿಗೆ ಬರುವುದು, ಮಿಕ್ಕ ದಿನ ಮನೆ.

ಒಂದು ಗುರುವಾರ ಚೌಡಪ್ಪ ಮಗುವನ್ನು ಹೆಗಲಿಗೆ ಹಾಕಿಕೊಂಡು ಸ್ಕೂಲಿನ ಗೇಟಿನ ಹತ್ತಿರ ಕಾದಿದ್ದು ಮೇಡಮ್ಮನ್ನು ಕಂಡ.

"ಈ ಒಂದ್ಸಲ ಪರೀಕ್ಷೆ ಬರ್ಕೊಳ್ಲಿ ಮೇಡಮ್ಮೋರೇ. ಅವರವ್ವ ಹೋದಾಗ್ಲಿಂದ ನರ್ಸು ಆಗ್ತೀನಿ, ನರ್ಸು ಆಗ್ತೀನಿ ಅಂತವ್ಳೆ. ಪಾಸಾದ್ರೆ ತುಮಕೂರಲ್ಲಿ ಟ್ರೈನಿಂಗ್ ಸೇರ್ಕೊಳ್ಲಿ, ನಾನು ಬ್ಯಾಡ ಅನ್ನಲ್ಲ. ಬರೀದೇ ಹೋದ್ರೆ ಏಪ್ರಿಲ್‌ಗೆ ನಮ್ ಫ್ಯಾಕ್ಟ್ರೀಲೇ ಹೆಂಗಸ್ರ ಶೆಡ್ಡಿಗೆ ಹಾಕ್ಬುಡ್ತೀನಿ. ಮೇಸ್ತ್ರಿ ಒಪ್ಕೊಂಡವ್ನೆ. ಎರಡನೇ ಸಲ ಕಟ್ಸೋದು ಗಿಟ್ಸೋದು ನನ್ ಕೈಲಾಗಲ್ಲ."

ಜಮಾಲುನ್ನೀಸಾ "ಆಗ್ಲಿ" ಎಂದಳು. ಏನು ಆಗಲಿ ಎಂದು ಅವಳಿಗೂ ಗೊತ್ತಿರಲಿಲ್ಲ.

ಗೊತ್ತಾದದ್ದು ಮಾರನೇ ದಿನ. ನೂರಕ್ಕೆ ಎಪ್ಪತ್ತೈದು ಹಾಜರಿ ಇಲ್ಲದಿದ್ದರೆ ಎಸ್ಸೆಸ್ಸೆಲ್ಸಿಗೆ ಕೂರಿಸುವ ಹಾಗಿಲ್ಲ. ಅವಳು ಎಂದಿನಂತೆ ಪ್ರಶ್ನೆ ಕೇಳಿದಳು, ಕ್ಲಾಸು ಎಂದಿನಂತೆ "ಸಿದ್ದಲಕ್ಷ್ಮಿ ಈಸ್ ಆಬ್ಸೆಂಟ್ ಟುಡೇ" ಎಂದಿತು. ಕೈ ಮಾತ್ರ ರಿಜಿಸ್ಟರಿನಲ್ಲಿ ಸಿದ್ದಲಕ್ಷ್ಮಿಯ ಹೆಸರಿನ ಮುಂದೆ ಹಾಜರಿ ಹಾಕಿತು. ಇಪ್ಪತ್ತು ವರ್ಷದ ನೌಕರಿಯಲ್ಲಿ ಒಂದೂ ಸುಳ್ಳು ಬರೆಯದವಳು ಇಷ್ಟು ಸಲೀಸಾಗಿ ಬರೆದೆನಲ್ಲ ಎಂದು ಅವಳಿಗೆ ಸಣ್ಣ ಆಶ್ಚರ್ಯವಾಯಿತು, ಅಷ್ಟೇ. ಅಂದಿನಿಂದ ಅದೇ ನಡೆಯಿತು. ದಿನಾ ಬಾಯಲ್ಲಿ ನಿಜ, ಕೈಯಲ್ಲಿ ಸುಳ್ಳು. ರಿಜಿಸ್ಟರ್ ನೋಡುವವಳು ಅವಳೊಬ್ಬಳೇ ಆದ್ದರಿಂದ ಎರಡೂ ಒಂದನ್ನೊಂದು ಸಂಧಿಸುವ ಪ್ರಮೇಯ ಬರಲಿಲ್ಲ. ಆ ಪ್ರಶ್ನೆಯನ್ನು ನಿಲ್ಲಿಸಿಬಿಡಬೇಕು ಎಂದು ಅವಳಿಗೆ ಹೊಳೆಯಲೂ ಇಲ್ಲ. ಹನ್ನೊಂದು ವರ್ಷ ಕೇಳಿದ ಪ್ರಶ್ನೆ, ನಾಲಿಗೆ ತಾನಾಗಿ ಕೇಳುತ್ತಿತ್ತು.

ಫೆಬ್ರವರಿಯಲ್ಲಿ ಇನ್‌ಸ್ಪೆಕ್ಷನ್ ಬಂತು. ಇಂಗ್ಲಿಷ್ ವಿಷಯದ ಇನ್‌ಸ್ಪೆಕ್ಟರು ಗಂಗಹನುಮಯ್ಯನವರು ಗುರುವಾರ ಬರುತ್ತಾರೆ ಎಂದು ಕಾಗದ ಬಂದಿತ್ತು. ಗುರುವಾರವಾದರೆ ಸಿದ್ದಲಕ್ಷ್ಮಿಯೂ ಇರುತ್ತಾಳೆ, ಸರಿಹೋಯಿತು ಎಂದುಕೊಂಡಿದ್ದಳು ಜಮಾಲುನ್ನೀಸಾ. ಆದರೆ ಇನ್‌ಸ್ಪೆಕ್ಟರು ಹೇಳಿದ ದಿನ ಬಂದರೆ ಅವರು ಇನ್‌ಸ್ಪೆಕ್ಟರು ಹೇಗಾದಾರು? ಮಂಗಳವಾರವೇ ಬಂದಿಳಿದರು.

ಹೆಡ್‌ಮಾಸ್ಟರ್ ಕದರಯ್ಯನವರು ಗಡಿಬಿಡಿಯಲ್ಲಿ ಕ್ಲಾಸಿಂದ ಕ್ಲಾಸಿಗೆ ಓಡಾಡಿ ಬೋರ್ಡಿನ ಮೂಲೆಗಳನ್ನು ತುಂಬಿಸಿದರು. ಇನ್‌ಸ್ಪೆಕ್ಷನ್ ದಿನ ಬೋರ್ಡಿನ ಬಲಮೂಲೆ ಖಾಲಿ ಇರಬಾರದೆಂಬುದು ಆ ಕಾಲದ ಶಾಸ್ತ್ರ. ತರಗತಿ, ವಿಷಯ, ಒಟ್ಟು ಎಷ್ಟು, ಹಾಜರಿ ಎಷ್ಟು, ಎಲ್ಲ ಅಲ್ಲಿರಬೇಕು. ಹತ್ತನೇ ತರಗತಿಯ ರಿಜಿಸ್ಟರ್ ನೋಡಿಕೊಂಡು ಬಣ್ಣದ ಸೀಮೆಸುಣ್ಣದಲ್ಲಿ ತಾವೇ ಬರೆದರು: ಒಟ್ಟು ನಲವತ್ತೆರಡು, ಹಾಜರಿ ನಲವತ್ತೆರಡು. "ಫುಲ್ ಹಾಜರಿ ಮೇಡಂ. ಬೇರೆ ಯಾವ್ ಸೆಕ್ಷನ್ನಲ್ಲೂ ಇಲ್ಲ ನೋಡಿ" ಎಂದು ಮೆಚ್ಚಿಕೊಂಡು ಕೈ ಒರೆಸಿಕೊಂಡರು. ಜಮಾಲುನ್ನೀಸಾ ಅದನ್ನು ನೋಡಿದಳು. ಅಳಿಸಲು ಹೊತ್ತಿರಲಿಲ್ಲ, ಇನ್‌ಸ್ಪೆಕ್ಟರು ಬಾಗಿಲಿಗೆ ಬಂದಾಗಿತ್ತು. ಅವರೆದುರಿಗೆ ಆ ಒಂದು ಪ್ರಶ್ನೆ ಕೇಳದಿದ್ದರೆ ಸಾಕು ಎಂದುಕೊಂಡಳು.

ಕೇಳಲಿಲ್ಲ. ಪಾಠ ಸುಸೂತ್ರವಾಗಿ ನಡೆಯಿತು. ಅವಳು ಬಾಗಿಲು ತೆಗೆದಳು, ಕಿಟಕಿ ಮುಚ್ಚಿದಳು, ಬೋರ್ಡು ಒರೆಸುವಂತೆ ನಟಿಸಿದಳು. ಮಿಸ್ ಏನು ಮಾಡುತ್ತಿದ್ದಾರೆಂದು ಕ್ಲಾಸು ಒಂದೇ ಉಸಿರಿನಲ್ಲಿ ಹೇಳಿತು. ಹಿಂದಿನ ಬೆಂಚಿನ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಗಂಗಹನುಮಯ್ಯನವರು ಕೆಟ್ಟ ಮನುಷ್ಯರೇನಲ್ಲ. ಅವರೂ ಅದೇ ಬೆಂಗಳೂರಿನ ತರಬೇತಿಯಲ್ಲಿ ಕಲಿತವರು, ಕಲಿತದ್ದನ್ನು ನಂಬಿದವರು. ಆದರೆ ಗಿಣಿಪಾಠ ಯಾವುದು, ಮಾತು ಯಾವುದು ಎಂದು ತಿಳಿಯದಷ್ಟು ದಡ್ಡರಲ್ಲ. ಎದ್ದು ಮುಂದೆ ಬಂದು, ಜಮಾಲುನ್ನೀಸಾಳ ಅಪ್ಪಣೆ ಕೇಳಿ, ಮಕ್ಕಳ ಕಡೆ ತಿರುಗಿದರು. ಎರಡನೇ ಸಾಲಿನ ಬೆಂಚಿನಲ್ಲಿ ಒಬ್ಬರು ಕೂರುವಷ್ಟು ಜಾಗ ಖಾಲಿ ಇತ್ತು. ಅದನ್ನು ತೋರಿಸಿ ನಗುತ್ತಲೇ ಕೇಳಿದರು:

"ಹೂ ಈಸ್ ಆಬ್ಸೆಂಟ್ ಟುಡೇ?"

ಯಾರೂ ತುಟಿ ಪಿಟಕ್ ಎನ್ನಲಿಲ್ಲ. ಹೊಸ ಮುಖ, ಕೋಟು ಬೇರೆ. ಹುಡುಗಿಯರು ತಲೆ ಬಗ್ಗಿಸಿದರು. ಈ ಮೌನ ಹೀಗೇ ಇದ್ದುಬಿಟ್ಟರೆ ಗೆದ್ದೆವು ಎಂದುಕೊಂಡಳು ಜಮಾಲುನ್ನೀಸಾ. ಪಾಠ ಹೇಳುವ ಬದುಕಿನಲ್ಲಿ ಅವಳು ಮೌನವನ್ನು ಬೇಡಿಕೊಂಡದ್ದು ಅದೇ ಮೊದಲು.

ಆ ಖಾಲಿ ಜಾಗದ ಪಕ್ಕದಲ್ಲಿ ಕೂತಿದ್ದವಳು ಬಾನು, ಹಾಸಿಗೆ ಹೊಲಿಯುವವರ ಮನೆಯ ಹುಡುಗಿ. ಬಾಯಲ್ಲಿ ಬೆರಳಿಟ್ಟರೆ ಕಚ್ಚಲು ಬಾರದವಳು. ಮೂರು ವರ್ಷದಿಂದ ಆ ಸ್ಕೂಲಿನಲ್ಲಿದ್ದರೂ ಅವಳ ದನಿ ಹೇಗಿದೆ ಎಂದು ಮೇಷ್ಟರುಗಳಿಗೆ ಗೊತ್ತಿರಲಿಲ್ಲ. ಕೈ ತೋರಿಸಿದ್ದು ತನ್ನ ಪಕ್ಕಕ್ಕೆ, ಕೇಳಿದ್ದು ತನ್ನ ಗೆಳತಿಯ ವಿಷಯ. ಉತ್ತರ ತಾನೇ ಕೊಡಬೇಕು ಎಂದು ಅವಳಿಗೆ ಅನ್ನಿಸಿರಬೇಕು. ಬೆಂಚು ಹಿಡಿದುಕೊಂಡು ಎದ್ದು ನಿಂತಳು.

"ಸಿದ್ದಲಕ್ಷ್ಮಿ ಈಸ್ ಆಬ್ಸೆಂಟ್ ಟುಡೇ, ಸರ್."

"ವೇರ್ ಈಸ್ ಶೀ?"

"ಶೀ ಈಸ್ ಅಟ್ ಹೋಮ್, ಸರ್. ಶೀ ಈಸ್ ಲುಕಿಂಗ್ ಆಫ್ಟರ್ ಹರ್ ಬ್ರದರ್." ಇಷ್ಟು ಹೇಳಿ ಬಾನು ನಿಲ್ಲಲಿಲ್ಲ. ಒಂದು ಗಳಿಗೆ ಮೇಲೆ ನೋಡಿ, ಪದಗಳನ್ನು ಒಂದೊಂದಾಗಿ ಹುಡುಕಿ ತಂದು ಮುಂದಿಟ್ಟಳು. "ಹಿ ಈಸ್ ಎ ಸ್ಮಾಲ್ ಬೇಬಿ. ಹರ್ ಮದರ್ ಈಸ್ ಡೆಡ್."

ತಮ್ಮ ಚಿಕ್ಕ ಕೂಸು, ತಾಯಿ ಇಲ್ಲ ಎಂಬ ಈ ಮಾತು ಯಾವ ಪಾಠದಲ್ಲೂ ಇರಲಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ. ಹುಡುಗಿ ತಾನೇ ಕಟ್ಟಿದ್ದಳು, ತಪ್ಪಿಲ್ಲದೆ ಕಟ್ಟಿದ್ದಳು.

ಜಮಾಲುನ್ನೀಸಾಳ ಎದೆಯಲ್ಲಿ ಏನೋ ಎದ್ದಿತು. ನಾಲ್ಕು ವರ್ಷದಿಂದ ಮಲಗಿದ್ದುದು ಎದ್ದಿತು. ಅದು ಸಂತೋಷ, ಬೇರೇನೂ ಅಲ್ಲ, ಬರೀ ಸಂತೋಷ. ಮಾತಾಡುತ್ತಿದ್ದಾಳೆ, ಬಾನು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಾಳೆ, ಇದು ನನ್ನ ಕ್ಲಾಸು. ಇನ್ನೊಂದು ಹೇಳು, ಇನ್ನೂ ಒಂದು ಹೇಳು ಎಂದು ಅವಳ ತುಟಿ ಹುಡುಗಿಯ ತುಟಿಯೊಂದಿಗೆ ಅಲ್ಲಾಡಿತು. ಹುಬ್ಬೇರಿಸಿ, ತಲೆಯಾಡಿಸಿ ಧೈರ್ಯ ಕೊಟ್ಟಳು.

"ಡಸ್ ಶೀ ಕಮ್ ಟು ಸ್ಕೂಲ್?" ಇನ್‌ಸ್ಪೆಕ್ಟರರಿಗೂ ಖುಷಿ, ಅವಳ ದಾರಿಯನ್ನು ಸುಗಮ ಮಾಡಲೆಂದೇ ನಿಧಾನವಾಗಿ ಕೇಳಿದರು.

ಬಾನು ಮೇಡಮ್ಮನ್ನು ನೋಡಿದಳು. ಮೇಡಂ ತಲೆಯಾಡಿಸುತ್ತಿದ್ದಳು.

"ಶೀ ಕಮ್ಸ್ ಆನ್ ಥರ್ಸ್‌ಡೇ, ಸರ್. ಓನ್ಲಿ ಥರ್ಸ್‌ಡೇ. ಆಫ್ಟರ್ ದಸರಾ."

"ವೆರಿ ಗುಡ್" ಎಂದರು ಗಂಗಹನುಮಯ್ಯನವರು. ಮನಸ್ಸಿನಿಂದಲೇ ಎಂದರು. ಆಮೇಲೆ ಅವರ ಕಣ್ಣು ಬೋರ್ಡಿನ ಬಲಮೂಲೆಗೆ ಹೋಯಿತು. ಖಾಲಿ ಜಾಗಕ್ಕೆ ಬಂತು. ಮತ್ತೆ ಬೋರ್ಡಿಗೆ ಹೋಯಿತು. ಬಾಗಿಲಲ್ಲಿ ನಿಂತಿದ್ದ ಕದರಯ್ಯನವರ ಕೈಯಲ್ಲಿದ್ದ ರಿಜಿಸ್ಟರನ್ನು ಕೇಳಿ ಇಸಿದುಕೊಂಡರು. ಏನಾಯಿತೆಂದು ಆಗ ಹೊಳೆಯಿತು ಜಮಾಲುನ್ನೀಸಾಳಿಗೆ.

ಹೆಡ್‌ಮಾಸ್ಟರ ಕೋಣೆಯಲ್ಲಿ ಮಾತು ಜಾಸ್ತಿ ನಡೆಯಲಿಲ್ಲ. ಗಂಗಹನುಮಯ್ಯನವರು ಕಾಫಿ ಮುಟ್ಟದೆ ರಿಜಿಸ್ಟರಿನ ಹಾಳೆ ತಿರುವುತ್ತಿದ್ದರು.

"ಯಾಕಮ್ಮಾ ಹೀಗೆ ಮಾಡಿದ್ರಿ? ಇಂಥಾ ಪಾಠ ನಾನು ಈ ಜಿಲ್ಲೆಯಲ್ಲಿ ಎಲ್ಲೂ ನೋಡಿಲ್ಲ. ವರದೀಲಿ ಅದನ್ನ ಬರೀಬೇಕು ಅಂತಿದ್ದೆ."

ಜಮಾಲುನ್ನೀಸಾ ಹೇಳಿದಳು. ತಾಯಿ ಸತ್ತದ್ದು, ಕೂಸು, ನರ್ಸು, ಶೆಡ್ಡು, ಎಲ್ಲ ನಾಲ್ಕು ವಾಕ್ಯದಲ್ಲಿ ಮುಗಿಯಿತು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಾನು ನೋಡ್ಲಿಲ್ಲ ಅಂದ್ಕೊಳ್ಳೋಣ ಅಂದ್ರೆ ನಲವತ್ತು ಮಕ್ಕಳು ಕೇಳಿಸ್ಕೊಂಡಿದಾರೆ. ವರದೀಲಿ ಬರೆದ್ರೆ ನಿಮ್ಮ ಕೆಲಸ ಹೋಗುತ್ತೆ. ನೀವೇ ತಿದ್ದಿಬಿಡಿ. ಕೆಂಪು ಶಾಯೀಲಿ ತಿದ್ದಿ, ಒಂದೊಂದರ ಪಕ್ಕ ಸಹಿ ಮಾಡಿ. ಕಣ್ತಪ್ಪಿನಿಂದ ಆಗಿತ್ತು ಅಂತ ನಾನು ಒಪ್ಕೋತೀನಿ."

"ಹುಡುಗಿ ಪರೀಕ್ಷೆ?"

ಅವರು ಕನ್ನಡಕ ಮತ್ತೆ ಹಾಕಿಕೊಂಡು ರಿಜಿಸ್ಟರನ್ನು ಅವಳ ಕಡೆ ಸರಿಸಿದರು. ಹಾವು ಸಾಯಬಾರದು, ಕೋಲು ಮುರಿಯಬಾರದು ಎಂಬ ಉಪಾಯ ಅವರದು. ಹುಡುಗಿ ಹಾವೂ ಅಲ್ಲ, ಕೋಲೂ ಅಲ್ಲ. ಅವರು ಹೋದ ಮೇಲೆ ಕದರಯ್ಯನವರು ಬಾಗಿಲು ಮುಂದೆ ಮಾಡಿದರು.

"ನನ್ಗೊಂದ್ ಮಾತು ಹೇಳ್ಬಾರ್ದಾಗಿತ್ತಾ ಮೇಡಂ? ಆ ಮೂಲೇಲಿ ನಲವತ್ತೊಂದು ಅಂತ ಬರ್ದು ಸುಮ್ನಾಗ್ತಿದ್ದೆ. ಈಗ ತಿದ್ದಲ್ಲ ಅಂತ ನೀವು ಹಟ ಹಿಡಿದ್ರೂ ಅವಳ ಹಾಜರಿ ಉಳಿಯಲ್ಲ. ನಿಮ್ದೂ ಹೋಗುತ್ತೆ, ಅವಳ್ದೂ ಹೋಗುತ್ತೆ."

ಅವಳಿಗೆ ಅದು ಗೊತ್ತಿತ್ತು. ಸ್ಟಾಫ್ ರೂಮಿನಲ್ಲಿ ಕೂತು ಕೆಂಪು ಶಾಯಿಯ ಪೆನ್ನು ಬಿಚ್ಚಿದಳು. ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಅರವತ್ತೆಂಟು ದಿನ. ಹಾಜರಿಗೆ ಅಡ್ಡಗೆರೆ, ಮೇಲೆ ಗೈರು, ಪಕ್ಕದಲ್ಲಿ ಸಹಿ. ಸಂತೋಷ ಎದ್ದಿದ್ದ ಜಾಗ ಮತ್ತೆ ಜೋಮು ಹಿಡಿದಿತ್ತು. ಇಪ್ಪತ್ತನೇ ಸಹಿಯ ಹೊತ್ತಿಗೆ ಅದು ತನ್ನ ಹೆಸರು ಎಂದೂ ಅವಳಿಗೆ ಅನ್ನಿಸಲಿಲ್ಲ. ಮುಗಿದ ಮೇಲೆ ಕೂಡಿ ನೋಡಿದಳು. ಸಿದ್ದಲಕ್ಷ್ಮಿ ನಾಳೆಯಿಂದ ಒಂದು ದಿನವೂ ತಪ್ಪದೆ ಬಂದರೂ ನೂರಕ್ಕೆ ಅರವತ್ತಮೂರು ದಾಟುವುದಿಲ್ಲ. ಕೊರತೆ ಮನ್ನಾ ಮಾಡಿ ಎಂದು ಇಲಾಖೆಗೆ ಬರೆಯುವಷ್ಟೂ ಹಾಜರಿ ಉಳಿದಿರಲಿಲ್ಲ.

ಸಂಜೆ ತುಮಕೂರಿನ ಬಸ್ಸು ಬಿಟ್ಟು ಸಿದ್ದಲಕ್ಷ್ಮಿಯ ಮನೆಗೆ ಹೋದಳು. ಸಂತೆ ಮೈದಾನದ ಹಿಂದೆ ಒಂದು ಹೆಂಚಿನ ಮನೆ. ಹುಡುಗಿ ಹೊಸ್ತಿಲ ಮೇಲೆ ಕೂತು ಮಗುವಿಗೆ ರಾಗಿ ಸರಿ ತಿನ್ನಿಸುತ್ತಿದ್ದಳು. ಪಕ್ಕದಲ್ಲಿ ವಿಜ್ಞಾನದ ಪುಸ್ತಕ ಬೋರಲಾಗಿ ಬಿದ್ದಿತ್ತು. ಮೇಡಮ್ಮನ್ನು ಕಂಡು ಎದ್ದು ನಿಂತಳು; ಒಳಗಿನಿಂದ ಮಣೆ ತಂದು ಹಾಕಿದಳು.

ಜಮಾಲುನ್ನೀಸಾ ಸುತ್ತಿಬಳಸದೆ ಹೇಳಿದಳು. ಹಾಜರಿ ತಾನು ಹಾಕುತ್ತಿದ್ದದ್ದು, ಇವತ್ತು ಅದು ಬಯಲಾದದ್ದು, ತಾನೇ ತಿದ್ದಿದ್ದು, ಹಾಲ್ ಟಿಕೆಟ್ ಬರುವುದಿಲ್ಲ ಎಂಬುದು. ಸಿದ್ದಲಕ್ಷ್ಮಿ ಕೇಳಿಸಿಕೊಳ್ಳುತ್ತ ಮಗುವಿನ ಬಾಯಿ ಒರೆಸಿದಳು. ಒರೆಸಿದ ಬಾಯನ್ನೇ ಇನ್ನೊಂದು ಸಲ ಒರೆಸಿದಳು.

"ಮುಂದಿನ ವರ್ಷ ಹೊರಗಿಂದ ಕಟ್ಬೋದು" ಎಂದಳು ಜಮಾಲುನ್ನೀಸಾ.

"ನಮ್ಮಪ್ಪ ಕಟ್ಸಲ್ಲ ಮಿಸ್." ಹುಡುಗಿಯ ದನಿಯಲ್ಲಿ ಏನೂ ಇರಲಿಲ್ಲ. ಆ ದನಿ ಜಮಾಲುನ್ನೀಸಾಳಿಗೆ ಗುರುತು ಸಿಕ್ಕಿತು. ಅದು ಅವಳದೇ ದನಿ. ಹದಿನಾರು ವರ್ಷಕ್ಕೆ ಈ ದನಿ ಬರಬಾರದಾಗಿತ್ತು ಎಂದು ಅವಳಿಗೆ ಬಹಳ ಸಂಕಟವಾಯಿತು.

"ಯಾರು ಹೇಳಿದ್ದು ಮಿಸ್?"

"ಬಾನು."

ಸಿದ್ದಲಕ್ಷ್ಮಿ ತಲೆಯೆತ್ತಿದಳು. "ಬಾನೂನಾ? ಅವ್ಳು ಬಾಯೇ ಬಿಡಲ್ವಲ್ಲ."

"ಇವತ್ತು ಬಿಟ್ಲು. ಅವರು ಇಂಗ್ಲಿಷಲ್ಲಿ ಕೇಳಿದ್ರು, ಇಂಗ್ಲಿಷಲ್ಲೇ ಹೇಳಿದ್ಲು. ಪಾಪ, ಅವಳಿಗೆ ರಿಜಿಸ್ಟರ್ ವಿಷ್ಯ ಏನೂ ಗೊತ್ತಿಲ್ಲ."

"ಎಷ್ಟು ಹೇಳಿದ್ಲು?"

"ಏಳೆಂಟು ವಾಕ್ಯ."

"ಎದ್ದು ನಿಂತ್ಕೊಂಡಾ?"

"ಹ್ಞೂಂ. ಒಬ್ಳೇ." ಜಮಾಲುನ್ನೀಸಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಅವಳು ಬಸ್ಸು ಬಿಟ್ಟು ಬಂದದ್ದು ಹಾಲ್ ಟಿಕೆಟಿನ ಸುದ್ದಿಗಲ್ಲ, ಅದನ್ನು ನಾಳೆ ಜವಾನನ ಕೈಲಿ ಹೇಳಿಕಳಿಸಬಹುದಿತ್ತು. "ನಂಗೆ ಖುಷಿಯಾಯ್ತು ಕಣಮ್ಮ. ಅವಳು ಹೇಳ್ತಿದ್ಲಲ್ಲ, ಆಗ. ನಿನ್ನ ನೆನಪೇ ಬರ್ಲಿಲ್ಲ. ನಾನೇ ತಲೆ ಆಡ್ಸಿ ಹೇಳು ಹೇಳು ಅಂದೆ. ನಾನು ಸುಮ್ನಿದ್ದಿದ್ರೆ ಆ ಕೊನೇ ಮಾತು ಅವಳು ಹೇಳ್ತಿರ್ಲಿಲ್ಲ."

ಮಗು ಸೊಂಟದಿಂದ ಜಾರುತ್ತಿತ್ತು. ಸಿದ್ದಲಕ್ಷ್ಮಿ ಅದನ್ನು ಮೇಲೆತ್ತಿಕೊಂಡಳು. ಬೈಯುತ್ತಾಳೆ, ಅಳುತ್ತಾಳೆ ಎಂದು ಜಮಾಲುನ್ನೀಸಾ ಕಾದಳು. ಬೈದರೆ ಒಳ್ಳೆಯದಿತ್ತು.

"ಇದಕ್ಕೇ ನಂಗೆ ಪರೀಕ್ಷೆ ತಪ್ತು ಅಂತ ಬಾನೂಗೆ ಹೇಳ್ಬೇಡಿ ಮಿಸ್" ಎಂದಳು ಹುಡುಗಿ. "ಹೇಳಿದ್ರೆ ಅವ್ಳು ಇನ್ನು ಬಾಯೇ ಬಿಡಲ್ಲ."

"ಹೇಳಲ್ಲ" ಎಂದಳು ಜಮಾಲುನ್ನೀಸಾ.

ಮಾರನೇ ದಿನ ಮೊದಲನೇ ಪೀರಿಯಡ್ಡಿನಲ್ಲಿ ಅವಳು ಹೆಸರು ಕೂಗಿ ಹಾಜರಿ ತೆಗೆದುಕೊಂಡಳು. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾನು ಮಾತ್ರ ಬೇರೆ ಹುಡುಗಿಯೇ ಆಗಿದ್ದಳು, ಬೆನ್ನು ನೆಟ್ಟಗಿತ್ತು. ಸಿದ್ದಲಕ್ಷ್ಮಿಯ ಹೆಸರು ಬಂದಾಗ ಯಾರೂ ಕೇಳದೆಯೇ ಎದ್ದು ನಿಂತಳು. ಕೈಯಲ್ಲಿ ಎರಡು ನೋಟ್‌ಬುಕ್ ಇದ್ದವು. ಒಂದು ಅವಳದು, ಇನ್ನೊಂದು ಹೊಸದು, ಕಂದು ಕಾಗದದ ರಟ್ಟು ಹಾಕಿದ್ದು.

"ಮಿಸ್, ಐ ಆಮ್ ರೈಟಿಂಗ್ ನೋಟ್ಸ್ ಫಾರ್ ಸಿದ್ದಲಕ್ಷ್ಮಿ" ಎಂದಳು. ಅವಳಿಗಾಗಿ ನೋಟ್ಸ್ ಬರೆಯುತ್ತಿದ್ದೇನೆ ಎಂದು. ಮುಂದಿನ ಪದಗಳಿಗೆ ಸ್ವಲ್ಪ ಹುಡುಕಾಡಿದಳು. ಸಿಕ್ಕಿದವು. "ಫಾರ್ ದ ಎಕ್ಸಾಮಿನೇಷನ್, ಮಿಸ್."

ಒಂದೂ ತಪ್ಪಿರಲಿಲ್ಲ. ಇಡೀ ಕ್ಲಾಸು ಮೇಡಂ ಏನೆನ್ನುತ್ತಾಳೆಂದು ನೋಡುತ್ತಿತ್ತು.

"ವೆರಿ ಗುಡ್, ಬಾನು" ಎಂದಳು ಜಮಾಲುನ್ನೀಸಾ. "ಸಿಟ್ ಡೌನ್." ರಿಜಿಸ್ಟರಿನಲ್ಲಿ ಗೈರು ಎಂದು ಬರೆದು ಮುಂದಿನ ಹೆಸರು ಕೂಗಿದಳು.